ನಾಲ್ಕನೇ ಕಂಬದ ಕಾಲಡಿಯ ಕಲ್ಲು

ಮುರಿಗೆಯ್ಯಜ್ಜ ಎಂಬ ಗುರುಗಳಿದ್ದರು. ಹಳೆಯ ಗುಡಿಗಳನ್ನು ನೋಡುವುದು, ಅಳೆಯುವುದು, ಬರೆದಿಡುವುದು, ಇಷ್ಟೇ ಅವರು ಕಲಿಸುತ್ತಿದ್ದ ವಿದ್ಯೆ.

ಹೊಳೆಯ ಮೇಲಿನ ಗುಡ್ಡದಲ್ಲಿ ಅವರ ಆಶ್ರಮ. ಬಂದ ಶಿಷ್ಯ ಮೊದಲ ವರ್ಷ ಗುಡಿಯ ಮುಂದೆ ಸುಮ್ಮನೆ ಕೂರಬೇಕು. ಆಮೇಲೆ ಹಗ್ಗ ಹಿಡಿದು ಅಳೆಯಬೇಕು. ಹಾಳೆ, ಸೀಸದಕಡ್ಡಿ ಕೈಗೆ ಸಿಗುವ ಹೊತ್ತಿಗೆ ಅರ್ಧಕ್ಕರ್ಧ ಜನ ಗಂಟು ಕಟ್ಟಿಕೊಂಡು ಊರಿಗೆ ಹೋಗಿರುತ್ತಿದ್ದರು.

ಅಡಿವೆಪ್ಪ ಹೋಗಲಿಲ್ಲ. ಅವನ ಕೈಯಲ್ಲಿ ಗೆರೆ ತಾನಾಗಿ ನೆಟ್ಟಗೆ ಬರುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ತೊಂದರೆ ಅದೇ.

ಆ ಹೊತ್ತಿಗೆ ಗುರುಗಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ನೆರಳು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ.

ಆ ವರ್ಷವೇ ಹೊಳೆಯ ಅಣೆಕಟ್ಟು ಮುಗಿಯಿತು. ಮಳೆ ಹಿಡಿದರೆ ದಂಡೆಯ ಊರು ಮುಳುಗುತ್ತದೆ ಎಂದಾಯಿತು. ಜನ ಬಾಗಿಲು, ಜಂತಿ ಕಿತ್ತು ಗಾಡಿಗೆ ಹೇರಿಕೊಂಡು ಗುಡ್ಡದ ಮೇಲಿನ ಹೊಸ ಊರಿಗೆ ನಡೆದರು.

ದಂಡೆಯಲ್ಲಿ ಉಳಿದದ್ದು ಕಲ್ಮೇಶ್ವರನ ಪುಟ್ಟ ಗುಡಿ. ಗುಡಿಯ ಮುಂದೆ ಸಂಕವ್ವ.

ಸಂಕವ್ವ ದಿನಾ ಸಂಜೆ ಆ ಗುಡಿಯಲ್ಲಿ ದೀಪ ಹಚ್ಚುವ ಮುದುಕಿ. ಮಕ್ಕಳು ಕರೆದರು, ಮೊಮ್ಮಕ್ಕಳು ಕರೆದರು. ಆಕೆ ಏಳಲಿಲ್ಲ.

"ಗುಡಿ ಬಂದ್ರ ನಾನೂ ಬರ್ತೀನಿ. ಅದು ಇಲ್ಲೇ ಮುಳುಗಿದ್ರ ನಾನೂ ಇಲ್ಲೇ," ಎಂದಳು.

ಸುದ್ದಿ ಆಶ್ರಮಕ್ಕೆ ಹೋಯಿತು. ಗುರುಗಳು ಅಡಿವೆಪ್ಪನ ಹೆಗಲು ಹಿಡಿದುಕೊಂಡು ದಂಡೆಗೆ ಇಳಿದು ಬಂದರು.

"ಸಂಕವ್ವಾ, ಗುಡಿ ಬಿಚ್ಚಿ ಮ್ಯಾಲ ಒಯ್ದು ಕಟ್ಟತೀವಿ."

"ಇದನ್ನ ಒಯ್ತೀರೋ ಅಜ್ಜಾರ, ಇದರಂಗ ಮತ್ತೊಂದು ಕಟ್ಟತೀರೋ?"

ಗುರುಗಳು ಅಡಿವೆಪ್ಪನ ಕಡೆ ಮುಖ ತಿರುಗಿಸಿದರು. "ನನಗ ಕಣ್ಣಿಲ್ಲ. ಇದಕ್ಕ ಉತ್ತರ ನೀ ಕೊಡಬೇಕು."

"ಇದ್ದದ್ದು ಇದ್ದಂಗ ಒಯ್ತೀನಿ ಆಯೀ. ಒಂದು ಕಲ್ಲೂ ಬಿಡಂಗಿಲ್ಲ."

"ಮಾತು?"

"ಮಾತು."

ಸಂಕವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಸಣ್ಣ ವಯಸ್ಸು. ಮಾತು ಲಗೂನ ಬರತಾವ," ಎಂದಳು.

ಮರಳಿ ಗುಡ್ಡ ಹತ್ತುವಾಗ ಗುರುಗಳು ಕೆಲಸದ ಕ್ರಮ ಹೇಳಿದರು.

"ಮೊದಲು ಅಳಿ. ಆಮ್ಯಾಲ ಬರಿ. ಕಲ್ಲಿಗೆ ಅಂಕಿ ಹಾಕು. ಆಮ್ಯಾಲ ಬಿಚ್ಚು. ತಿರುಗಿ ಕಟ್ಟುವಾಗ ಮಾತ್ರ ಉಳಿ ಸಪ್ಪಳ ಕೇಳಬಾರದು."

"ಯಾಕ್ರಿ ಅಜ್ಜಾರ?"

"ಕೇಳಿದ ದಿನ ತಿಳೀತೈತಿ."

ಅಡಿವೆಪ್ಪ ಹಗ್ಗ ಹಿಡಿದು ದಂಡೆಗೆ ಇಳಿದ.

ಗರ್ಭಗುಡಿ, ಅದರ ಮುಂದೆ ನಾಲ್ಕು ಕಂಬದ ಮಂಟಪ. ಬೇಸಿಗೆಯ ಬಿಸಿಲು ಕಲ್ಲಿನ ಮೇಲೆ ಕುದಿಯುತ್ತಿತ್ತು. ಮೊದಲನೇ ಕಂಬವನ್ನು ಅವನು ಅಡಿಯಿಂದ ಮುಡಿಯವರೆಗೆ ಶ್ರದ್ಧೆಯಿಂದ ಅಳೆದ. ಎರಡನೆಯದರ ಮುಂದೆ ನಿಂತ. ಅದೇ ಗಂಟೆಯ ಸಾಲು, ಅದೇ ಪದ್ಮ, ಅದೇ ಗುಂಡು ಕುತ್ತಿಗೆ.

ಅನ್ನ ಬೆಂದದ್ದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎಂದು ಅವನ ತಾಯಿ ಹೇಳುತ್ತಿದ್ದಳು. ತಾಯಿಯ ಮಾತು ನೆನಪಾಗುವುದು ಇಂಥ ಹೊತ್ತಿನಲ್ಲೇ. ಹಗ್ಗ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನೆರಳಿಗೆ ಬಂದ. ಒಂದು ಕಂಬದ ಅಳತೆಯಿಂದ ನಾಲ್ಕನ್ನೂ ಬರೆದ.

ಚಿತ್ರ ಸೊಗಸಾಗಿ ಬಂತು. ಗುರುಗಳ ಮುಂದೆ ಹಾಳೆ ಇಟ್ಟ. ಅವರು ಅದರ ಮೇಲೆ ಅಂಗೈ ಆಡಿಸಿದರು.

"ಕಂಬ ಅಳದೇನು?"

"ಅಳದೀನ್ರಿ."

ಅಳೆದದ್ದು ಸುಳ್ಳಲ್ಲ. ಎಷ್ಟು ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

"ಚಿತ್ರ ಹೆಂಗ ಬಂದೈತಿ?"

"ಗುಡಿಗಿಂತ ಚಂದ ಬಂದೈತ್ರಿ."

ಗುರುಗಳ ಕೈ ನಿಂತಿತು. "ಗುಡಿಗಿಂತ?"

"ಅಂದ್ರ, ಒಪ್ಪಾಗಿ ಬಂದೈತಿ ಅಂದೆ ಅಜ್ಜಾರ."

"ಇನ್ನೊಮ್ಮೆ ಹೋಗಿ ಗುಡಿ ನೋಡಿ ಬಾ."

ಅಡಿವೆಪ್ಪ ಹೋದ. ಗುಡಿಯ ನೆರಳಲ್ಲಿ ಕೂತು ತನ್ನ ಚಿತ್ರವನ್ನು ಇನ್ನೊಮ್ಮೆ ನೋಡಿದ. ತೃಪ್ತಿಯಿಂದ ಎದ್ದು ಬಂದ.

ಕಲ್ಲುಕೆಲಸದ ಮೇಸ್ತ್ರಿ ಹುಲಿಗೆಪ್ಪ ತನ್ನ ಆಳುಗಳನ್ನು ಕರೆದುಕೊಂಡು ಬಂದ. ಲಿಂಗವನ್ನು ಮೊದಲು ಗುಡ್ಡಕ್ಕೆ ತಂದು ಚಪ್ಪರದಡಿ ಇಟ್ಟರು. ಆಮೇಲೆ ಒಂದೊಂದು ಕಲ್ಲಿಗೂ ಕೆಮ್ಮಣ್ಣಿನಲ್ಲಿ ಅಂಕಿ ಬರೆದು ಚಪ್ಪಡಿ ಇಳಿಸಿದರು, ತೊಲೆ ಇಳಿಸಿದರು, ಕಂಬ ಎತ್ತಿದರು.

ನಾಲ್ಕನೇ ಕಂಬದ ಬುಡದಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಹೂವಿಲ್ಲ, ಬಳ್ಳಿಯಿಲ್ಲ. ಒಂದು ಕಡೆ ಒರಟಾಗಿ ಹೊರಗೆ ಚಾಚಿತ್ತು, ಮೇಲೆ ಎಣ್ಣೆಯ ಜಿಡ್ಡು.

"ಇದಕ್ಕ ಯಾವ ಅಂಕಿ ಹಾಕ್ಲಿ?" ಎಂದ ಹುಲಿಗೆಪ್ಪ.

ಅಡಿವೆಪ್ಪ ಚಿತ್ರ ನೋಡಿದ. ಅದರಲ್ಲಿ ಅಂಥ ಕಲ್ಲು ಇರಲಿಲ್ಲ.

"ಅದು ಗುಡೀದಲ್ಲ. ಯಾರೋ ಆಮ್ಯಾಲ ತುರುಕಿದ್ದು. ಬಿಡು."

ಹುಲಿಗೆಪ್ಪ ಅದನ್ನು ಕಾಲಿಂದ ಸರಿಸಿದ. ಅದು ಉರುಳಿ, ಬಿದ್ದ ಮನೆಗಳ ಕಲ್ಲುಗಳ ನಡುವೆ ಸೇರಿಕೊಂಡಿತು.

ಸಂಕವ್ವ ಆಗ ಮೇಕೆಗೆ ಸೊಪ್ಪು ತರಲು ಹೋಗಿದ್ದಳು. ಬಂದು ನೋಡಿದರೆ ಗುಡಿಯ ಜಾಗದಲ್ಲಿ ಬರಿಯ ಹಾಸುಬಂಡೆಯ ಜಗಲಿ. ಅದರ ಮೇಲೆಯೇ ಅಂದಿನ ದೀಪ ಹಚ್ಚಿದಳು.

ಗುಡ್ಡದ ಮೇಲೆ ಗುಡಿ ಏಳತೊಡಗಿತು. ಮಳೆಯೂ ಹಿಡಿಯಿತು. ಕೆಳಗೆ ಹೊಳೆ ದಂಡೆ ದಾಟಿ ಹೊಲಕ್ಕೆ ಕಾಲಿಟ್ಟಿತು. ಮೇಲೆ ಗುಡಿ ಎದ್ದು ನಿಲ್ಲುವವರೆಗೆ ಏಳುವುದಿಲ್ಲ ಎಂದು ಸಂಕವ್ವ ಜಗಲಿಯ ಮೇಲೆ ಗೋಣಿ ಹೊದ್ದು ಕೂತಳು. ದಿನಾ ಯಾರಾದರೊಬ್ಬರು ಬುತ್ತಿ ಒಯ್ದು ಕೊಟ್ಟು, ಬೈಸಿಕೊಂಡು ಬರುತ್ತಿದ್ದರು.

ನಾಲ್ಕು ಕಂಬ ನಿಂತ ದಿನ ಹುಲಿಗೆಪ್ಪ ತಲೆಯ ಮೇಲೆ ದಾರ ಹಿಡಿದ. ಮೂರು ಕಂಬದ ತಲೆಗೆ ದಾರ ತಾಗಿತು. ನಾಲ್ಕನೆಯದು ನಾಲ್ಕು ಬೆರಳು ಕೆಳಗೆ ನಿಂತಿತು.

ಅಡಿವೆಪ್ಪ ಹಾಳೆ ಬಿಚ್ಚಿದ.

"ಹಾಳಿಯಾಗ ನಾಲ್ಕೂ ಸಮ ಐತಲ್ರಿ?" ಎಂದ ಹುಲಿಗೆಪ್ಪ.

ಅಡಿವೆಪ್ಪ ದಾರವನ್ನು ತಾನೇ ಇನ್ನೊಮ್ಮೆ ಹಿಡಿದು ನೋಡಿದ.

"ಚಿಂತಿ ಬ್ಯಾಡ. ಉಳದ ಮೂರರ ತಲಿ ನಾಲ್ಕು ಬೆರಳು ಹಾರಿಸಿಬಿಟ್ರ ಆತು. ಸಂಜಿಯೊಳಗ ತೊಲಿ ಏರಸ್ತೀವಿ. ಮುದುಕಿನೂ ಮ್ಯಾಲ ಬರ್ತಾಳ."

ಗುರುಗಳು ದೂರದಲ್ಲಿ ಬೇವಿನ ಮರದ ಕೆಳಗೆ ಕೂತಿದ್ದರು. ಅವರಿಗೆ ಕಾಣುವುದಿಲ್ಲ ಎಂಬ ಮಾತು ಅಡಿವೆಪ್ಪನ ಮನಸ್ಸಿಗೆ ಬಂತು. ಬಂದದ್ದು ಹೋಗಲಿಲ್ಲ, ಅಲ್ಲೇ ಕೂತುಕೊಂಡಿತು.

"ಹೊಡಿ," ಎಂದ.

ಮೊದಲನೇ ಕಂಬದ ತಲೆಗೆ ಉಳಿಯಿಟ್ಟು ಹುಲಿಗೆಪ್ಪ ಒಂದು ಪೆಟ್ಟು ಹಾಕಿದ.

"ಯಾರದು ಉಳಿ?"

ಗುರುಗಳು ಎದ್ದು ನಿಂತಿದ್ದರು. ಹುಲಿಗೆಪ್ಪನ ಕೈ ಮೇಲೆಯೇ ಉಳಿಯಿತು. ಕೋಲು ತಡವುತ್ತ ಬಂದು ಗುರುಗಳು ಕಂಬ ಮುಟ್ಟಿದರು. ಅಡಿವೆಪ್ಪ ಅವರ ಕೈಯನ್ನು ಮೇಲೆತ್ತಿ ಪೆಟ್ಟು ಬಿದ್ದ ಜಾಗಕ್ಕೆ ಒಯ್ದ. ಸಿಡಿದುಹೋದ ಜಾಗದ ಮೇಲೆ ಅವರ ಬೆರಳು ಬಹಳ ಹೊತ್ತು ಇತ್ತು.

"ಎಷ್ಟು ಕಂಬ ಅಳದಿದ್ದಿ?"

"ಒಂದು."

"ಉಳದ ಮೂರು?"

"ಒಂದು ಅಗುಳು ಹಿಚುಕಿದ್ರ..." ಎಂದ ಅಡಿವೆಪ್ಪ.

ಗುರುಗಳು ಅವನ ಮುಖದ ಮುಂದೆ ತಮ್ಮ ಕೈ ಬಿಚ್ಚಿ ಹಿಡಿದರು. "ಹೆಬ್ಬೆರಳು ಅಳದು ಕಿರುಬೆರಳು ಎಷ್ಟುದ್ದ ಐತಿ ಹೇಳು."

ಹುಲಿಗೆಪ್ಪನಿಗೆ ಹುಡುಗನ ಮೇಲೆ ಕನಿಕರ ಬಂತು. "ಇವನದೊಬ್ಬನದ ತಪ್ಪಲ್ರಿ ಅಜ್ಜಾರ. ಹಿಂದಿನವ್ರು ಕಂಬ ಗಿಡ್ಡ ಕಡದಾರ. ಅದರ ಬುಡಕ್ಕ ಒಂದು ಕಲ್ಲು ಇಟ್ಟು ಸರಿ ಮಾಡಿದ್ರು. ಇವ ಅದನ್ನ ಗುಡೀದಲ್ಲ ಅಂದ."

"ಹೌದು. ಯಾವನೋ ಒಬ್ಬ ಗಿಡ್ಡ ಕಡದ. ಅವನ ಕೈಯಾಗೂ ಉಳಿ ಇತ್ತು. ಆದ್ರ ಉಳದ ಮೂರರ ತಲಿ ಹಾರಿಸಲಿಲ್ಲ. ತನ್ನ ತಪ್ಪಿನ ಕಾಲಿಗೆ ಒಂದು ಕಲ್ಲು ಕೊಟ್ಟು, ಕಾಣುವಂಗ ಬಿಟ್ಟ. ಎಲ್ಲೈತಿ ಆ ಕಲ್ಲು?"

"ಕೆಳಗ ಬಿಟ್ಟೀವ್ರಿ," ಎಂದ ಅಡಿವೆಪ್ಪ.

"ಹೊಸಾದು ಒಂದು ತಾಸಿನ್ಯಾಗ ಕಡದು ಕೊಡ್ತೀನಿ," ಎಂದ ಹುಲಿಗೆಪ್ಪ.

"ಮೊದಲು ಹುಡುಕೂದು. ಸಿಗದಿದ್ರ ಕಡಿಯೂದು. ನಡಿ ತಮ್ಮಾ."

ದಂಡೆಯಲ್ಲಿ ನೀರು ಸೊಂಟದವರೆಗೆ ಬಂದಿತ್ತು. ಜಗಲಿಯ ಕೆಳಗಿನ ಮೆಟ್ಟಿಲುಗಳು ಮುಳುಗಿದ್ದವು. ಗುರುಗಳು ಮೇಲಿನ ಮೆಟ್ಟಿಲಲ್ಲಿ, ನೀರಲ್ಲಿ ಕಾಲಿಟ್ಟು ಕೂತರು. ಅಡಿವೆಪ್ಪ ಉಸಿರು ಕಟ್ಟಿ ಮುಳುಗಿದ.

ಕೆಸರಲ್ಲಿ ಕೈಯಾಡಿಸಿ ಒಂದು ಚಪ್ಪಟೆ ಕಲ್ಲು ತಂದು ಗುರುಗಳ ಪಕ್ಕದಲ್ಲಿಟ್ಟ.

"ಇದೇ ಏನು?"

"ಗೊತ್ತಿಲ್ರಿ."

ಮತ್ತೆ ಮುಳುಗಿದ, ಮತ್ತೊಂದು ತಂದ. ಅದೂ ಚಪ್ಪಟೆ, ಅದೂ ಒರಟು. ಬಿದ್ದ ಮನೆಗಳ ಕಲ್ಲೆಲ್ಲ ಅಂಥವೇ, ಎಣ್ಣೆಯ ಜಿಡ್ಡು ಇದ್ದರೂ ಕೆಸರಲ್ಲಿ ತಿಳಿಯುವಂತಿರಲಿಲ್ಲ.

"ಇದೇ ಏನು?"

"ಗೊತ್ತಿಲ್ರಿ ಅಜ್ಜಾರ."

"ಕಣ್ಣಿದ್ದವ ನೀನು."

"ಆವತ್ತ ಹಾಳಿಯಾಗ ಬರಕೊಂಡಿದ್ರ ಗೊತ್ತಾಗತಿತ್ತು. ನಾ ಬರೀಲಿಲ್ಲ."

ಮೆಟ್ಟಿಲಲ್ಲಿ ಕಲ್ಲಿನ ಗುಡ್ಡೆ ಬೆಳೆಯಿತು. ಅವುಗಳಲ್ಲಿ ಒಂದು ಸರಿಯಾಗಿ ನಾಲ್ಕು ಬೆರಳು ದಪ್ಪವಿತ್ತು. ಅಡಿವೆಪ್ಪ ಅದನ್ನು ತಿರುವಿ ತಿರುವಿ ನೋಡಿದ. ಇದೇ ಎಂದುಬಿಟ್ಟರೆ ಅಲ್ಲ ಎನ್ನುವವರು ಯಾರೂ ಇಲ್ಲ. ಗುರುಗಳು ಒಪ್ಪುತ್ತಾರೆ, ಮುದುಕಿ ಏಳುತ್ತಾಳೆ, ಹೊಳೆ ಉಳಿದದ್ದನ್ನು ಮುಚ್ಚಿಹಾಕುತ್ತದೆ.

ಕಲ್ಲನ್ನು ಗುರುಗಳ ಪಕ್ಕಕ್ಕೆ ತಂದ.

"ಇದೇ ಏನು?"

"ಇರಬಹುದು. ಇರಲಿಕ್ಕಿಲ್ಲ. ಗೊತ್ತಿಲ್ರಿ," ಎಂದು ಅದನ್ನೂ ಗುಡ್ಡೆಗೆ ಹಾಕಿದ.

ಗುರುಗಳು ಮೊದಲ ಸಲ ಹೂಂಗುಟ್ಟಿದರು.

ಸಂಕವ್ವ ಮೇಲಿಂದ ಎಲ್ಲ ನೋಡುತ್ತಿದ್ದಳು. "ಏನು ಹುಡಕಾಕತ್ತೀಯೋ ತಮ್ಮಾ, ಎಮ್ಮಿ ಬಿದ್ದಂಗ ನೀರಾಗ ಬಿದ್ದು?"

ಅಡಿವೆಪ್ಪ ಗುರುಗಳ ಕಡೆ ನೋಡಿದ. ಅವರು ಹೊಳೆಯ ಕಡೆ ಮುಖ ಮಾಡಿದ್ದರು. ಉತ್ತರ ಕೊಡಬೇಕಾದವನು ತಾನೇ ಎಂದು ತಿಳಿಯಿತು.

"ನಾಲ್ಕನೇ ಕಂಬದ ಬುಡದ ಕಲ್ಲು ಆಯೀ. ಗುಡೀದಲ್ಲ ಅಂತ ಬಿಟ್ಟುಬಿಟ್ಟಿದ್ದೆ."

ಮುದುಕಿ ತನ್ನ ಮಡಿಲಲ್ಲಿದ್ದ ಹಿತ್ತಾಳೆ ಬಟ್ಟಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅದರ ಮ್ಯಾಲ ಈ ಎಣ್ಣಿ ಬಟ್ಟಲ ಇಡತಿದ್ದೆ. ನಮ್ಮತ್ತಿನೂ ಅಲ್ಲೇ ಇಡತಿದ್ದಳು. ನೀ ತಗದ ಗುಡ್ಡಿಯಾಗ ಅದಿಲ್ಲ. ಒಂದು ಕಲ್ಲೂ ಬಿಡಂಗಿಲ್ಲ ಅಂದಿದ್ದಿ."

"ಅಂದಿದ್ದೆ. ಮಾತು ತಪ್ಪೀನಿ."

"ಹಂಗಾರ ನಾ ಬರಂಗಿಲ್ಲ. ಹೋಗು."

ಅಡಿವೆಪ್ಪನ ಕಣ್ಣಲ್ಲಿ ನೀರು ಬಂತು. ಮೈಯೆಲ್ಲ ಹೊಳೆಯ ನೀರೇ ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಅವನು ಸೊಂಟದಿಂದ ಅಳತೆ ಹಗ್ಗ ಬಿಚ್ಚಿದ.

"ಬಟ್ಟಲ ಕೊಡಬ್ಯಾಡ ಆಯೀ. ನಿನ್ನ ಕೈಯಾಗೇ ಇರಲಿ. ಸುಮ್ಮನ ಹಿಡಿ, ಅಳಕೋತೀನಿ."

ಸಂಕವ್ವ ಬಟ್ಟಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಟ್ಟಲಿನ ತಳದ ಅಗಲಕ್ಕೆ ಅವನು ಹಗ್ಗದಲ್ಲಿ ಗಂಟು ಹಾಕಿದ.

ಗುಡ್ಡಕ್ಕೆ ಬಂದವನೇ ನಾಲ್ಕು ಕಂಬವನ್ನೂ ಅಳೆದ. ಕೆತ್ತನೆಯಲ್ಲಿ ನಾಲ್ಕೂ ಬೇರೆ ಬೇರೆಯೇ ಇದ್ದವು. ಒಂದರ ಪದ್ಮಕ್ಕೆ ಒಂದು ಎಸಳು ಹೆಚ್ಚು, ಒಂದರ ಗಂಟೆ ಸಾಲು ಅರ್ಧಕ್ಕೇ ನಿಂತಿತ್ತು. ಬೇಸಿಗೆಯಿಡೀ ಇವುಗಳ ಮುಂದೆ ಕೂತಿದ್ದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಈಗ ಉಳಿ ಹಿಡೀಬಹುದೇನ್ರಿ ಅಜ್ಜಾರ?"

"ಗುಡಿಯಿಂದ ದೂರ ಹೋಗಿ ಹಿಡಿ."

ದೂರದ ಬಂಡೆಯ ಮರೆಯಲ್ಲಿ ಕೂತು ಅಡಿವೆಪ್ಪ ಹೊಸ ಕಲ್ಲು ಕಡಿದ. ಹುಲಿಗೆಪ್ಪ ಪಕ್ಕದಲ್ಲಿ ಕೂತು ತೋರಿಸಿಕೊಟ್ಟ. ಕಲ್ಲು ನಾಲ್ಕು ಬೆರಳು ದಪ್ಪ. ಒಂದು ಕಡೆ ಬಟ್ಟಲು ಕೂರುವಷ್ಟು ಹೊರಗೆ ಚಾಚು. ಅದನ್ನು ಹೊತ್ತು ತಂದು ಬೇವಿನ ಮರದ ಹತ್ತಿರ ಇಳಿಸಿದರು.

"ಹಸೀ ಕಲ್ಲು, ಹಲ್ಲಿನಂಗ ಬೆಳ್ಳಗ ಕಾಣತೈತಿ," ಎಂದ ಹುಲಿಗೆಪ್ಪ. "ಎಣ್ಣಿ, ದೀಪದ ಮಸಿ ಕೂಡಿಸಿ ತಿಕ್ಕೋಣು. ಎರಡ ದಿನದಾಗ ಗುಡಿ ಹುಟ್ಟಿದಾಗಿಂದ ಇದ್ದಂಗ ಕಾಣತೈತಿ."

"ಬ್ಯಾಡ."

"ನೋಡಿದವ್ರು ಕೇಳತಾರ."

"ಕೇಳಲಿ. ಕೇಳಬೇಕಂತನ ಹಂಗ ಬಿಡೂದು."

ಗುರುಗಳು ಬೇವಿನ ಕೆಳಗೆ ಕೂತು ಇದನ್ನು ಕೇಳಿಸಿಕೊಂಡರು.

ಕಲ್ಲಿಟ್ಟು ಕಂಬ ನಿಲ್ಲಿಸಿದರು. ದಾರ ನಾಲ್ಕಕ್ಕೂ ತಾಗಿತು. ತೊಲೆ ಏರಿತು, ಚಪ್ಪಡಿ ಕೂತಿತು. ಅಷ್ಟು ದಿನವೂ ಉಳಿಯ ಸಪ್ಪಳ ಕೇಳಲಿಲ್ಲ.

ಅಡಿವೆಪ್ಪ ಹಳೆಯ ಚಿತ್ರವನ್ನು ಸುತ್ತಿ ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದುಕೊಂಡ. ಬಿರುಕಿದ್ದಲ್ಲಿ ಬಿರುಕು ಬರೆದ, ವಾರೆಯಿದ್ದಲ್ಲಿ ವಾರೆ. ಸಿಡಿದ ಕಂಬದ ತಲೆಯ ಬಳಿ, "ಈ ಪೆಟ್ಟು ತಿರುಗಿ ಕಟ್ಟುವಾಗ ಬಿದ್ದದ್ದು" ಎಂದು ಬರೆದ. ನಾಲ್ಕನೇ ಕಂಬದ ಬುಡದಲ್ಲಿ ಸ್ವಲ್ಪ ಹೊತ್ತು ಕೈ ತಡೆಯಿತು. ಆಮೇಲೆ ಬರೆದ: "ಇಲ್ಲಿಯ ಹಳೆಯ ಕಲ್ಲು ಅಡಿವೆಪ್ಪನ ಕೈಯಿಂದ ಕಳೆದಿದೆ. ಇದು ಹೊಸದು."

ಈ ಚಿತ್ರ ಮೊದಲಿನಷ್ಟು ಚಂದ ಇರಲಿಲ್ಲ.

ಅದನ್ನು ತೆಗೆದುಕೊಂಡು ಅವನು ಒಬ್ಬನೇ ದಂಡೆಗೆ ಇಳಿದ. ನೀರು ಜಗಲಿಯ ಅಂಚಿಗೆ ಬಂದಿತ್ತು. ಬುತ್ತಿ ಕೊಡಲು ಬಂದಿದ್ದ ಮೊಮ್ಮಗ ತೆಪ್ಪದಲ್ಲಿ ನಿಂತು ಅಜ್ಜಿಗೆ ಕೈ ಮುಗಿಯುತ್ತಿದ್ದ. ಆಕೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅಡಿವೆಪ್ಪ ಆಕೆಯ ಮುಂದೆ ಹಾಳೆ ಬಿಚ್ಚಿದ.

"ನನಗ ಓದಾಕ ಬರೂದಿಲ್ಲ," ಎಂದಳು ಸಂಕವ್ವ.

"ನಾ ಹೇಳತೀನಿ ಆಯೀ. ಇದು ಹೊಸ್ತಲ. ನಡುವ ಸವದೈತಿ, ಹಂಗ ಐತಿ. ಇದು ಮೊದಲನೇ ಕಂಬ. ಇದರ ತಲಿಗೆ ನಾ ಉಳಿ ಹೊಡಿಸೀನಿ, ಇಷ್ಟು ಸಿಡದೈತಿ. ಇದು ಎರಡನೇದು, ಇದು ಮೂರನೇದು. ಇದು ನಾಲ್ಕನೇದು. ಇದರ ಬುಡದ್ದು ಹಳೇ ಕಲ್ಲಲ್ಲ, ಅದನ್ನ ನಾ ಕಳದೀನಿ. ನಾ ಕಡದದ್ದು ಇಟ್ಟೀನಿ. ಬೆಳ್ಳಗ ಐತಿ, ಎದ್ದು ಕಾಣತೈತಿ."

"ಉಳದದ್ದು?"

"ಉಳದದ್ದು ಅಷ್ಟೂ ನಿನ್ನ ಗುಡೀನ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬ ಗಾದೆಯುಂಟು. ಅಡಿವೆಪ್ಪ ಒದೆಸಿಕೊಳ್ಳಲು ತಯಾರಾಗಿಯೇ ಕೂತಿದ್ದ.

ಸಂಕವ್ವ ಗೋಣಿ ಕೊಡವಿ ಎದ್ದಳು. ಬಟ್ಟಲನ್ನು ಅವನ ಕೈಗೆ ಕೊಟ್ಟಳು.

"ಹಿಡಿ. ಎಣ್ಣಿ ಚೆಲ್ಲಬ್ಯಾಡ," ಎಂದಳು.

ಹೊತ್ತು ಮುಳುಗುವ ಮುಂಚೆ ಅವರು ಗುಡ್ಡದ ಮೇಲಿದ್ದರು. ಹೊಸ ಊರಿನ ಜನವೆಲ್ಲ ಗುಡಿಯ ಮುಂದೆ ಸೇರಿತ್ತು. ಸಂಕವ್ವ ಯಾರನ್ನೂ ಮಾತಾಡಿಸಲಿಲ್ಲ. ಸವೆದ ಹೊಸ್ತಿಲ ಮೇಲೆ ಪಾದವಿಟ್ಟು ನೋಡಿದಳು. ಒಂದೊಂದೇ ಕಂಬ ಸವರಿಕೊಂಡು ನಾಲ್ಕನೆಯದರ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

ಅಡಿವೆಪ್ಪನ ಕೈಯಿಂದ ಬಟ್ಟಲು ತೆಗೆದುಕೊಂಡು ಬಿಳಿಯ ಕಲ್ಲಿನ ಚಾಚಿನ ಮೇಲೆ ಇಟ್ಟಳು. ಬಟ್ಟಲು ಅಲುಗದೆ ಕೂತಿತು.

"ಬಾಳ ಬೆಳ್ಳಗ ಐತಲ್ಲೋ."

"ಹೌದು ಆಯೀ."

"ಇರಲಿ. ದಿನಾ ಎಣ್ಣಿ ಬಿದ್ದು ತಾನ ಕರ್ರಗಾಕೈತಿ."

ಆಕೆ ಬತ್ತಿ ಹೊಸೆದು ದೀಪ ಹಚ್ಚಿದಳು. ಕೆಳಗೆ ದಂಡೆಯಲ್ಲಿ ಜಗಲಿ ಇದ್ದ ಕಡೆ ಈಗ ನೀರು ಮಾತ್ರ ಕಾಣುತ್ತಿತ್ತು.

ಜನ ಮನೆಗೆ ಹೋದ ಮೇಲೆ ಅಡಿವೆಪ್ಪ ಗುರುಗಳ ಮುಂದೆ ಬಂದು ನಿಂತ. ಅಳತೆ ಹಗ್ಗವನ್ನು ಸುತ್ತಿ ಅವರ ಪಾದದ ಬಳಿ ಇಟ್ಟ.

"ಹೊಳಿ ಆಚಿ ದಂಡ್ಯಾಗಿನ ಗುಡೀನೂ ಮುಳುಗತೈತಿ, ಅದನ್ನೂ ಬಿಚ್ಚಿ ಕಟ್ಟಬೇಕು ಅಂದ್ರಿ. ಆ ಕೆಲಸ ಬ್ಯಾರೆಯವ್ರಿಗೆ ಕೊಡ್ರಿ ಅಜ್ಜಾರ. ನಿಮ್ಮ ಕಣ್ಣು ನಾನು ಅಂತ ನಂಬಿದ್ರಿ. ನನಗ ಈ ಹಗ್ಗ ಮುಟ್ಟಾಕ ನಾಚಿಕಿ ಆಕೈತಿ."

ಗುರುಗಳು ಬಗ್ಗಿ ನೆಲ ತಡವಿದರು. ಹಗ್ಗ ಸಿಕ್ಕಿತು. ಅವನ ಕೈ ಹುಡುಕಿ ಹಿಡಿದು, ಅಂಗೈಯಲ್ಲಿ ಹಗ್ಗವಿಟ್ಟು ಬೆರಳು ಮಡಚಿದರು.

"ಅಲ್ಲಿ ಹದಿನಾರು ಕಂಬ ಅದಾವ. ನಿನ್ನ ನಾಚಿಕಿ ತೀರೂತನಕ ಹೊಳಿ ಕಾಯೂದಿಲ್ಲ, ನಡಿ."